ಚಾದಕ್ಕನ ಪೆಟ್ಟಿಗೆಯ ನಲವತ್ತೊಂದು ತೂತು

ನಮ್ಮ ಊರಲ್ಲಿ ಮನೆ ಎಂಬುದಿಲ್ಲ, ಪೆಟ್ಟಿಗೆ ಉಂಟು. ಹೊರಗಿನವರು ಅದಕ್ಕೆ ಕಂಟೇನರ್ ಅನ್ನುತ್ತಾರೆ. ಅನ್ನಲಿ, ನಮಗೇನು? ಹಡಗಿನಿಂದ ಇಳಿಯುವುದೂ ಪೆಟ್ಟಿಗೆ, ಹಡಗಿಗೆ ಏರುವುದೂ ಪೆಟ್ಟಿಗೆ, ನಾವು ಹುಟ್ಟುವುದೂ ಪೆಟ್ಟಿಗೆಯಲ್ಲಿ, ಕ್ಷೌರ ಮಾಡಿಸಿಕೊಳ್ಳುವುದೂ ಪೆಟ್ಟಿಗೆಯಲ್ಲಿ. ಶಾಲೆಗೆ ಎರಡು ಪೆಟ್ಟಿಗೆ ಜೋಡಿಸಿ ನಡುವಿನ ಗೋಡೆ ತೆಗೆದಿದ್ದೇವೆ. ಈರುಳ್ಳಿಗೊಂದು, ಬಲೆಗೊಂದು, ಮೀನಿನ ಐಸಿಗೊಂದು. ಸಿಟ್ಟು ಬಂದವರು ಹೋಗಿ ಕೂರಲಿಕ್ಕೆ ಅಂತಲೇ ಒಂದು ಪೆಟ್ಟಿಗೆ ಇಟ್ಟಿದ್ದೇವೆ, ಅದರಲ್ಲಿ ಮಾತ್ರ ಯಾವಾಗ ಹೋದರೂ ಜಾಗ ಸಿಗುವುದಿಲ್ಲ.

ಪೆಟ್ಟಿಗೆ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಉಕ್ಕಿನ ತಗಡನ್ನು ಅಲೆಅಲೆಯಾಗಿ ಮಡಚಿ ಗೋಡೆ ಮಾಡಿರುತ್ತಾರೆ, ಅಲೆ ಇದ್ದರೇ ಬಲ. ಎಂಟು ಮೂಲೆಗೆ ಎಂಟು ಉಕ್ಕಿನ ಗಟ್ಟಿ. ಒಂದರ ಮೇಲೊಂದು ಏಳೆಂಟು ಪೆಟ್ಟಿಗೆ ಹೇರಿದರೂ ಭಾರ ಹೊರುವುದು ಆ ಮೂಲೆಗಳು, ಗೋಡೆ ಸುಮ್ಮನೆ ನಿಂತಿರುತ್ತದೆ. ನೆಲ ಮರದ್ದು. ಒಂದು ತುದಿಯಲ್ಲಿ ಎರಡು ಬಾಗಿಲು, ಬಾಗಿಲಿಗೆ ಉದ್ದುದ್ದ ನಾಲ್ಕು ಸರಳು, ಅಂಚಿನ ಸುತ್ತ ಕಪ್ಪು ರಬ್ಬರ್ ಪಟ್ಟಿ. ಬಾಗಿಲು ಹಾಕಿ ಸರಳು ತಿರುಗಿಸಿದರೆ ಮಳೆಗೂ ದಾರಿಯಿಲ್ಲ, ಇಲಿಗೂ ದಾರಿಯಿಲ್ಲ. ಅಷ್ಟೇ. ಇದರೊಳಗೆ ಅಕ್ಕಿ ಹಾಕಿದರೆ ಅಕ್ಕಿ ಸಮುದ್ರ ದಾಟುತ್ತದೆ, ಗೊಂಬೆ ಹಾಕಿದರೆ ಗೊಂಬೆ ದಾಟುತ್ತದೆ, ಏನೂ ಹಾಕದೆ ಒಳಗೆ ಚಾಪೆ ಹಾಸಿದರೆ ಅದು ಸಂಸಾರವಾಗುತ್ತದೆ.

ಯಾವ ಪೆಟ್ಟಿಗೆ ಹೋಗಬೇಕು, ಯಾವುದು ಇರಬೇಕು? ಅದಕ್ಕೆ ನಮ್ಮಲ್ಲಿ ಒಂದೇ ಕಟ್ಟಳೆ.

ಬೆಳಕು ಬರುವ ಪೆಟ್ಟಿಗೆ ಹೋಗುವಂತಿಲ್ಲ. ಬೆಳಕು ಬಾರದ ಪೆಟ್ಟಿಗೆ ಇರುವಂತಿಲ್ಲ.

ಬೆಳಕು ನುಗ್ಗುವ ಕಡೆ ಸಮುದ್ರವೂ ನುಗ್ಗುತ್ತದೆ, ಆದ್ದರಿಂದ ತೂತಿನ ಪೆಟ್ಟಿಗೆ ಹಡಗು ಹತ್ತಬಾರದು. ತೂತಿಲ್ಲದ ಪೆಟ್ಟಿಗೆ ಎಲ್ಲಿಗಾದರೂ ಹೋಗಬಲ್ಲದು, ಆದ್ದರಿಂದ ಅದು ಇಲ್ಲಿ ಕೂತು ಸೋಮಾರಿಯಾಗಬಾರದು. ಹಾಗಾಗಿ ನಮ್ಮ ಪಾಲಿಗೆ ಉಳಿಯುವುದೆಲ್ಲ ತೂತಿನ ಪೆಟ್ಟಿಗೆಗಳೇ. ನಮಗೆ ಅದರ ಬಗ್ಗೆ ಬೇಸರವಿಲ್ಲ. ಮಧ್ಯಾಹ್ನ ಅಂಗಾತ ಮಲಗಿದರೆ ಮೇಲೆ ಮಾಡಿನ ತೂತುಗಳಲ್ಲಿ ಹಗಲೇ ನಕ್ಷತ್ರ ಕಾಣುತ್ತದೆ, ಬೇರೆ ಯಾರಿಗುಂಟು ಈ ಭಾಗ್ಯ? ಮಳೆಗಾಲಕ್ಕೆ ತೀರಾ ಸೋರುವ ತೂತುಗಳನ್ನು ಮುಚ್ಚುತ್ತೇವೆ, ಆದರೆ ಎಷ್ಟು ಮುಚ್ಚಿದರೂ ಒಂದನ್ನಂತೂ ಬಿಟ್ಟೇ ಬಿಡುತ್ತೇವೆ. ಅದರ ಹೆಸರೇ ಬಿಟ್ಟ ತೂತು. ಅದರ ಕೆಳಗೆ ಒಂದು ಪಾತ್ರೆ ಇಟ್ಟಿರುತ್ತೇವೆ. ಮಳೆ ಬಂದಾಗ ಊರಿಗೂರೇ ಟಣ್ ಟಣ್ ಅನ್ನುತ್ತಿರುತ್ತದೆ.

ಮತ್ತೆ, ನಮ್ಮ ಬಾಗಿಲುಗಳನ್ನು ನಾವು ಪೂರ್ತಿ ಹಾಕುವುದೇ ಇಲ್ಲ. ಸರಳು ತಿರುಗಿಸುವುದು ಹೊರಗಿನಿಂದ ಮಾತ್ರ, ಒಳಗಿದ್ದವರು ಹಾಕಿಕೊಳ್ಳುವುದು ಹೇಗೆ? ಹಗ್ಗ ಕಟ್ಟಿ ಒಂದು ಗೇಣು ಬಿಟ್ಟಿರುತ್ತೇವೆ. ಮದುವೆಯೊಂದನ್ನು ಬಿಟ್ಟರೆ ಪೂರ್ತಿ ಹಾಕುವುದು ವರ್ಷಕ್ಕೊಮ್ಮೆ, ಮಳೆ ನಿಂತು ಹಡಗು ಬಂದ ದಿನ. ಅದು ಬಾಗಿಲು ಹಾಕುವ ದಿನ.

ಆ ದಿನ ಬೆಳಕು ನೋಡುವ ಅಮ್ಮ ಬರುತ್ತಾಳೆ. ಬಿಳಿ ಸೀರೆ, ಬೆರಳಲ್ಲೊಂದು ದಪ್ಪ ಉಂಗುರ. ಪೆಟ್ಟಿಗೆಯನ್ನು ಖಾಲಿ ಮಾಡಿ ಕೊಡಬೇಕು. ಅವಳು ಒಳಗೆ ಹೋಗಿ ನಿಲ್ಲುತ್ತಾಳೆ. ಬಾಗಿಲು ಹಾಕುತ್ತೇವೆ. ಒಳಗೆ ಅವಳು ಉಸಿರಿಗೊಮ್ಮೆ ಉಂಗುರದಿಂದ ಗೋಡೆಗೆ ಟಕ್ ಅನ್ನಿಸುತ್ತಾಳೆ. ನೂರು ಉಸಿರು, ನೂರು ಟಕ್. ನೂರರೊಳಗೆ ಬೆಳಕು ಕಂಡರೆ ಎಷ್ಟು ಕಂಡಿತು ಅಂತ ಹೇಳುತ್ತಾಳೆ, ಪೆಟ್ಟಿಗೆ ಉಳಿಯುತ್ತದೆ. ಕಾಣದಿದ್ದರೆ "ಕತ್ತಲೆ" ಅನ್ನುತ್ತಾಳೆ, ಕ್ರೇನಿನ ಕೊಕ್ಕೆ ಕೆಳಗಿಳಿಯುತ್ತದೆ.

ಬಾಗಿಲು ಹಾಕಿ ಸರಳು ತಿರುಗಿಸುವುದು ಯಾರು? ನಾನೇ. ಅವಳು ಹೇಳಿದ ಲೆಕ್ಕವನ್ನು ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ಬರೆಯುವುದೂ ನಾನೇ. ನಾನು ಅಂಕಿ ಬರೆಯುವವ. ನನ್ನ ಎಂಟನ್ನು ನೋಡಲಿಕ್ಕೆ ಅಂತಲೇ ಹಡಗಿನವರು ಇಳಿದು ಬಂದದ್ದುಂಟು, ಸುಳ್ಳಲ್ಲ. ಸರಳು ತಿರುಗಿಸಿದ ಮೇಲೆ ನಾನು ಹತ್ತು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು ಅಂತ ಪದ್ಧತಿ. ನಲವತ್ತು ವರ್ಷ ನಾನು ಆ ಹತ್ತು ಹೆಜ್ಜೆ ಸರಿದವನೇ. ಇದನ್ನು ಯಾಕೆ ಹೇಳಿದೆ ಅಂತ ಆಮೇಲೆ ಗೊತ್ತಾಗುತ್ತದೆ.

ಈಗ ಚಾದಕ್ಕನ ವಿಷಯಕ್ಕೆ ಬರುತ್ತೇನೆ.

ಮೂರು ದಾರಿ ಕೂಡುವಲ್ಲಿ, ಬಾದಾಮಿ ಮರದ ಬುಡದಲ್ಲಿ, ಅವಳ ಪೆಟ್ಟಿಗೆ. ಇಪ್ಪತ್ತಡಿಯದ್ದು, ಒಂದು ಕಾಲಕ್ಕೆ ನೀಲಿ. ಬಾಗಿಲು ಪೂರ್ವಕ್ಕೆ. ಬಲಗಡೆ ಬಾಗಿಲ ಪಕ್ಕಕ್ಕೇ ಒಲೆ, ಒಲೆಯ ಮೇಲೆ ಇಪ್ಪತ್ತೆರಡು ವರ್ಷದಿಂದ ಕೆಳಗಿಳಿಯದ ಒಂದು ಕೆಟಲ್. ಅವಳು ಮಲಗುವುದೂ ಅಲ್ಲೇ, ಚಾ ಕೊಡುವುದೂ ಅಲ್ಲೇ. ಬಲಗಡೆ ಬಾಗಿಲ ಸಂದಿಯಿಂದ ಆವಿ ಹೊರಗೆ ಬರುತ್ತಿದ್ದರೆ ಚಾ ಆಗಿದೆ ಅಂತ ಅರ್ಥ, ಇಡೀ ಊರು ಅದನ್ನು ನೋಡಿಯೇ ಏಳುತ್ತದೆ.

ಅವಳ ಚಾದಲ್ಲಿ ಒಂದು ಗುಟ್ಟು. ಅವಳಿಗೆ ಯಾರ ಮೇಲೆ ಸಮಾಧಾನ ಉಂಟೋ ಅವರ ಲೋಟಕ್ಕೆ ಶುಂಠಿ ಬೀಳುತ್ತದೆ. ಸಿಟ್ಟು ಬಂದರೆ ಶುಂಠಿ ಇಲ್ಲ. ಬಾಯಲ್ಲಿ ಅವಳು ಏನೂ ಹೇಳುವುದಿಲ್ಲ. ಕುಡಿದವರು ಒಂದು ಗುಟುಕು ಬಾಯಲ್ಲಿಟ್ಟುಕೊಂಡು, ನಾನು ಏನು ತಪ್ಪು ಮಾಡಿದೆ ಅಂತ ಯೋಚಿಸುತ್ತಾ ಹೋಗುತ್ತಾರೆ. ನಮ್ಮ ಊರಲ್ಲಿ ಜಗಳ ಕಡಿಮೆ ಇರುವುದು ಇದರಿಂದಲೇ ಅಂತ ನನ್ನ ನಂಬಿಕೆ.

ಅವಳ ಪೆಟ್ಟಿಗೆಗೆ ಹೋದ ಸಲ ನಲವತ್ತೊಂದು ತೂತು. ನಾನೇ ಬರೆದದ್ದು, ನಾಲ್ಕು ಸ್ವಲ್ಪ ಬಾಗಿ ಒಂದಕ್ಕೆ ಒರಗಿದ ಹಾಗೆ. ಅದನ್ನು ನೋಡಿ ಚಾದಕ್ಕ, "ಪಾಪ, ಆ ಒಂದಕ್ಕೆ ಭಾರ ಆಗುದಿಲ್ವಾ?" ಅಂತ ಕೇಳಿದ್ದಳು.

ಆ ಲೆಕ್ಕದ ಮುಂದಿನ ಮಳೆಗಾಲದಲ್ಲಿ ಬೆಸುಗೆಯವ ಅವಳ ಚಾಕ್ಕೆ ಬರಲು ಶುರು ಮಾಡಿದ. ಅವನು ಹಡಗು ಬಂದು ನಿಲ್ಲುವ ಧಕ್ಕೆಯಲ್ಲಿ, ಹಡಗಿಗೆ ಹೋಗುವ ಪೆಟ್ಟಿಗೆಗಳನ್ನು ರಿಪೇರಿ ಮಾಡುವವ. ಮಾತು ಕಡಿಮೆ, ಕೆಲಸ ಅಂದರೆ ಕೆಲಸ. ಹಡಗಿನ ಪೆಟ್ಟಿಗೆಯಲ್ಲಿ ಸೂಜಿ ಮೊನೆಯಷ್ಟು ತೂತು ಬಿಟ್ಟರೂ ಅವನಿಗೆ ಊಟ ಸೇರುವುದಿಲ್ಲ. ಮೊದಲ ದಿನವೇ ಅವನ ಲೋಟದಲ್ಲಿ ಶುಂಠಿ ಬಿತ್ತು. ಎರಡನೆಯ ವಾರಕ್ಕೆ ಎಷ್ಟು ಬಿತ್ತೆಂದರೆ ಅವನಿಗೆ ಕೆಮ್ಮು ಬಂತು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಾಗಿಲು ಹಾಕುವ ದಿನ ಕಳೆದ ಮರುವಾರ ಮದುವೆ ಅಂತ ಆಯಿತು.

ಹೀಗಿರುವಾಗ ಚಾದಕ್ಕನಿಗೆ ಜ್ವರ ಬಂತು. ಮಾಡು ಸೋರಿ ಸೋರಿ ಚಾಪೆಯೆಲ್ಲ ಒದ್ದೆ. ಬೆಸುಗೆಯವನಿಗೆ ತಡೆಯಲಾಗಲಿಲ್ಲ. ಮಳೆ ಬಿಟ್ಟ ಒಂದು ಮುಂಜಾನೆ ತಗಡು, ಬೆಸುಗೆ ಕಡ್ಡಿ, ಕಣ್ಣಿಗೆ ಹಿಡಿಯುವ ಕಪ್ಪು ಗಾಜು, ತುಕ್ಕು ತಡೆಯುವ ಕೆಂಪು ಬಣ್ಣದ ಡಬ್ಬಿ ಎಲ್ಲ ಹೊತ್ತು ಮಾಡು ಹತ್ತಿದ. ಒಂದು ತೂತಿಗೆ ತಗಡು ಕೂರಿಸಿದ, ಬೆಸೆದ, ಕೆಂಪು ಬಣ್ಣ ಎರಡು ಸಲ ಬಳಿದ. ಎರಡನೆಯದು. ಮೂರನೆಯದು. ನಲವತ್ತು ಮುಚ್ಚಿ ಒಂದು ಬಿಡುವುದು ಅಂತಲೇ ಅವನ ಮನಸ್ಸಿನಲ್ಲಿ ಇದ್ದದ್ದು, ಆಣೆ ಮಾಡಿ ಹೇಳಿದ್ದಾನೆ. ಆದರೆ ಉಳಿದ ಒಂದು ಸರಿಯಾಗಿ ಅವಳ ತಲೆದಿಂಬಿನ ಮೇಲಿತ್ತು. ಅದರ ಮೂಲಕ ಬಗ್ಗಿ ನೋಡಿದ. ಕೆಳಗೆ ಚಾದಕ್ಕ ಜ್ವರದಲ್ಲಿ ಮಲಗಿದ್ದಾಳೆ, ಹಣೆಯ ಮೇಲೊಂದು ಹನಿ ಬಿತ್ತು. ಅವಳು ನಿದ್ದೆಯಲ್ಲೇ ಕೈಯಿಂದ ಒರೆಸಿಕೊಂಡಳು. ಇನ್ನೊಂದು ಹನಿ ಬಿತ್ತು.

ಅವನ ಕೈ ನಿಲ್ಲಲಿಲ್ಲ. ಮುಚ್ಚಿಯೇ ಬಿಟ್ಟ. ಬಣ್ಣವನ್ನೂ ಬಳಿದ, ಅದಕ್ಕೆ ಮೂರು ಸಲ.

ಕೆಳಗಿಳಿದು, ಕೈ ತೊಳೆದು, ಬಾಗಿಲ ಮೇಲಿನ ನನ್ನ ನಲವತ್ತೊಂದನ್ನು ನೋಡಿದಾಗ ಅವನಿಗೆ ನೆನಪಾಯಿತಂತೆ. ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟ. ನಾನು ಆ ದಾರಿಯಲ್ಲಿ ಬಂದವ, "ಎಂತ ಆಯ್ತು ಮಾರಾಯ?" ಅಂತ ಕೇಳಿದೆ. ಅವನು ಮೇಲೆ ಕೈ ತೋರಿಸಿ, "ನಲವತ್ತೊಂದು" ಅಂದ. ಅಷ್ಟೇ ಹೇಳಿದ್ದು. ನಾನೂ ಅವನ ಪಕ್ಕದಲ್ಲೇ ಕೂತೆ.

ನಿಮಗೆ ಅನ್ನಿಸಬಹುದು, ಅದಕ್ಕೇನು, ಒಂದನ್ನು ಕಿತ್ತರಾಯಿತಲ್ಲ ಅಂತ. ಆಗುವುದಿಲ್ಲ. ತಾನಾಗಿ ಆದ ತೂತು ತೂತು, ಕೈ ಮಾಡಿದ ತೂತು ಮೋಸ. ಮುಚ್ಚಿದ್ದನ್ನು ಬಿಚ್ಚಿದರೂ ಅದು ಕೈ ಮಾಡಿದ್ದೇ. ಬೆಳಕು ನೋಡುವ ಅಮ್ಮನಿಗೆ ತೂತಿನ ಅಂಚು ಮುಟ್ಟಿದರೆ ಗೊತ್ತಾಗುತ್ತದೆ, ತುಕ್ಕು ತಿಂದ ಅಂಚು ಹಪ್ಪಳದ ಹಾಗೆ ಮುರಿಯುತ್ತದೆ. ಮೋಸ ಮಾಡಿದವರ ಪೆಟ್ಟಿಗೆ ಆ ಕ್ಷಣವೇ ಹಡಗಿಗೆ. ಹೋದ ಪೆಟ್ಟಿಗೆ ತಿರುಗಿ ಬಂದದ್ದಿಲ್ಲ. ಪೆಟ್ಟಿಗೆ ಹೋದವರು ಒಂದೋ ಅದರ ಜೊತೆ ಹೋಗಬೇಕು, ಇಲ್ಲವೋ ಇನ್ನೊಬ್ಬರ ಪೆಟ್ಟಿಗೆಯಲ್ಲಿ ನೆಂಟರಾಗಿ ಇರಬೇಕು. ನೆಂಟರು ಒಲೆ ಹೊತ್ತಿಸುವ ಹಾಗಿಲ್ಲ. ಅಂದರೆ ಚಾದಕ್ಕ ಊರಲ್ಲಿ ಉಳಿದರೂ ಚಾ ಉಳಿಯುವುದಿಲ್ಲ. ಚಾ ಇಲ್ಲದ ಚಾದಕ್ಕನನ್ನು ನಾವು ಏನಂತ ಕರೆಯುವುದು?

ಜ್ವರ ಬಿಟ್ಟು ಎದ್ದ ಚಾದಕ್ಕ ಮೇಲೆ ನೋಡಿದಳು. ನಕ್ಷತ್ರ ಒಂದೂ ಇಲ್ಲ. ಕೆಳಗೆ ನೋಡಿದಳು. ಪಾತ್ರೆಯಲ್ಲಿ ನೀರಿಲ್ಲ. ಒಲೆ ಹೊತ್ತಿಸಿ ಚಾ ಮಾಡಿ ಬೆಸುಗೆಯವನಿಗೆ ಒಂದು ಲೋಟ ಕೊಟ್ಟಳು. ಅವನು ಕುಡಿದ. ಶುಂಠಿ ಇರಲಿಲ್ಲ.

"ನಾನು ಪೆಟ್ಟಿಗೆ ಜೊತೆಗೇ ಬರ್ತೇನೆ. ಎಲ್ಲಿಗೆ ಹೋದ್ರೂ ಬರ್ತೇನೆ" ಅಂದ ಅವನು.

"ಬಂದು? ಅಲ್ಲಿಯೂ ಎಲ್ಲ ಮುಚ್ಲಿಕ್ಕಾ?" ಅಂದಳು ಚಾದಕ್ಕ. ಹೇಳಿ ತಾನೇ ನಕ್ಕಳು, ನಕ್ಕು ಕಣ್ಣೊರೆಸಿಕೊಂಡಳು. ಆದರೆ ಶುಂಠಿ ಮಾತ್ರ ಹಾಕಲಿಲ್ಲ.

ಬಾಗಿಲು ಹಾಕುವ ದಿನಕ್ಕೆ ಇನ್ನು ನಲವತ್ತು ದಿನ. ತೂತು ಮಾಡುವುದು ಉಪ್ಪಿನ ಕೆಲಸ, ಕೈಯದ್ದಲ್ಲ, ಉಪ್ಪಿರುವುದು ಸಮುದ್ರದಲ್ಲಿ, ಸಮುದ್ರ ಇರುವುದು ಎದುರಿಗೆ. ಅಂದಮೇಲೆ ತಡ ಯಾಕೆ ಅಂದ ಕ್ರೇನಿನವ. ಮರುದಿನದಿಂದ ಅದೊಂದು ವ್ರತವೇ ಆಯಿತು. ಬೆಳಿಗ್ಗೆ ಎದ್ದು ಒಂದು ಬಾಲ್ದಿ ಸಮುದ್ರದ ನೀರು ತರುವುದು, ಏಣಿ ಹತ್ತುವುದು, ಮಾಡಿನ ಮೇಲೆ ಹೊಯ್ಯುವುದು, ಇಳಿದು ಚಾ ಕುಡಿಯುವುದು. ಕ್ಷೌರದವ ಹೊಯ್ದ, ಶಾಲೆಯ ಟೀಚರಮ್ಮ ಹೊಯ್ದಳು, ಐಸಿನವ ಹೊಯ್ದ, ಸಿಟ್ಟಿನ ಪೆಟ್ಟಿಗೆಯಲ್ಲಿ ಕೂತಿದ್ದವರೂ ಎದ್ದು ಬಂದು ಹೊಯ್ದರು. ಬೆಸುಗೆಯವ ದಿನಕ್ಕೆ ಮೂವತ್ತು ಬಾಲ್ದಿ ಹೊಯ್ದ. ನಾನು ಒಂದೇ ಹೊಯ್ದೆ, ನನ್ನ ಸೊಂಟ ಅಷ್ಟೇ.

ನೀರು ಹರಿದು ಹೋಗುತ್ತಿತ್ತು. ಕೆಂಪು ಬಣ್ಣ ಇನ್ನಷ್ಟು ಹೊಳೆಯುತ್ತಿತ್ತು. ಬೆಸುಗೆಯವ ದಿನಾ ಸಂಜೆ ಮಾಡು ಹತ್ತಿ ತನ್ನ ಕೆಲಸವನ್ನು ಬೆರಳಲ್ಲಿ ಮುಟ್ಟಿ ನೋಡಿ, ತಲೆ ತಗ್ಗಿಸಿ ಇಳಿಯುತ್ತಿದ್ದ. ಇಷ್ಟು ಒಳ್ಳೆಯ ಕೆಲಸಕ್ಕೆ ಇಷ್ಟು ನಾಚಿಕೊಂಡ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಬೆಳಕು ನೋಡುವ ಅಮ್ಮ ದಿನವೂ ಅಲ್ಲೇ ಬೆಂಚಿನ ಮೇಲೆ ಕೂತು ಮೂರು ಲೋಟ ಚಾ ಕುಡಿಯುವವಳು. ಇದನ್ನೆಲ್ಲ ನೋಡುತ್ತಾ, "ಹೊಯ್ಯಿರಿ, ಹೊಯ್ಯಿರಿ. ನಿಮ್ಮ ಬಾಲ್ದಿಗೇ ಮೊದಲು ತೂತು ಬೀಳುದು" ಅಂದಳು. ಹಾಗೇ ಆಯಿತು. ಇಪ್ಪತ್ತು ದಿನಕ್ಕೆ ನನ್ನ ಬಾಲ್ದಿಯ ತಳ ತುಕ್ಕು ಹಿಡಿದು ಉದುರಿತು. ಮೂವತ್ತು ದಿನಕ್ಕೆ ಊರಲ್ಲಿ ಗಟ್ಟಿ ಬಾಲ್ದಿ ಅಂತ ಎರಡೇ ಉಳಿದವು. ಮಾಡು ಹಾಗೆಯೇ ಇತ್ತು.

ಕೊನೆಗೆ ನಾವು ನಾಲ್ಕು ಜನ ಬೆಳಕು ನೋಡುವ ಅಮ್ಮನ ಹತ್ತಿರ ಹೋದೆವು. ಮುಂದೆ ನಿಂತು ಮಾತಾಡಿದವ ನಾನೇ.

"ಅಮ್ಮಾ, ಒಂದು ಅಂತ ಹೇಳಿಬಿಡಿ. ಒಂದೇ ಒಂದು. ಕತ್ತಲೆಯಲ್ಲಿ ನಿಂತವರು ನೀವೊಬ್ರೆ, ನೋಡುವವರು ಯಾರು? ಎಷ್ಟು ಚಂದದ ಒಂದು ಬರೀತೇನೆ ನೋಡಿ."

ಅವಳು ಲೋಟ ಕೆಳಗಿಟ್ಟಳು. "ನನಗಿಂತ ಮುಂಚೆ ನೋಡುತ್ತಿದ್ದವರು ಯಾರು ಗೊತ್ತುಂಟಾ?"

"ನಿಮ್ಮ ಅತ್ತೆ."

"ಅವರು ಒಮ್ಮೆ, ಪಾಪ, ಯಾರದೋ ಒಳ್ಳೆಯದಕ್ಕೆ, ಬೆಳಕು ಕಂಡರೂ ಕತ್ತಲೆ ಅಂದ್ರು. ಒಂದೇ ಒಂದು ತೂತು, ಕಡಲೆಕಾಳಿನಷ್ಟು. ಆ ಪೆಟ್ಟಿಗೆಗೆ ಅಕ್ಕಿ ತುಂಬಿ ಕಳಿಸಿದ್ರು. ಆಚೆ ದಡದವರು ಬಾಗಿಲು ತೆಗೆದು ನೋಡಿದ್ರೆ ಅಕ್ಕಿ ಎಲ್ಲ ನೀರು ಕುಡಿದು ಕೊಳೆತು ನಾರುತ್ತಾ ಉಂಟು. ಅದಕ್ಕಾಗಿ ಕಾದು ಕೂತಿದ್ದ ಊರು ಅದು. ಅವರು ಬೈದು ಕಾಗದ ಬರೀಲಿಲ್ಲ, ಏನೂ ಮಾಡ್ಲಿಲ್ಲ. ಆ ಕೊಳೆತ ಅಕ್ಕಿಯಲ್ಲಿ ಒಂದು ಹಿಡಿ ಕಟ್ಟಿ ಕಳಿಸಿಕೊಟ್ರು. ಅತ್ತೆ ಅದನ್ನು ಸಾಯುವ ತನಕ ತಲೆಯ ಹತ್ತಿರ ಇಟ್ಟುಕೊಂಡಿದ್ರು." ಅವಳು ಲೋಟ ಎತ್ತಿಕೊಂಡಳು. "ಇವತ್ತು ಚಾಕ್ಕಾಗಿ ಕತ್ತಲೆಗೆ ಬೆಳಕು ಅಂದ್ರೆ, ನಾಳೆ ಇನ್ನೊಂದಕ್ಕೆ ಬೆಳಕಿಗೆ ಕತ್ತಲೆ ಅಂತೇನೆ. ನನಗೂ ಈ ಚಾ ಬೇಕು ಮಾರಾಯ. ನಿಮಗಿಂತ ಎರಡು ಲೋಟ ಜಾಸ್ತಿಯೇ ಬೇಕು. ಆದ್ರೆ ಕಂಡದ್ದನ್ನೇ ಹೇಳುದು."

ನಾವು ವಾಪಸು ಬಂದೆವು. ಅವಳ ಮೇಲೆ ಸಿಟ್ಟೂ ಬಂತು, ಗೌರವವೂ ಬಂತು. ಎರಡೂ ಒಟ್ಟಿಗೆ ಬಂದರೆ ಮನುಷ್ಯನಿಗೆ ಹಸಿವಾಗುವುದಿಲ್ಲ ಅಂತ ನನಗೆ ಅಂದು ಗೊತ್ತಾಯಿತು.

ಹಡಗು ಬಂತು. ಬಾಗಿಲು ಹಾಕುವ ದಿನ ಬಂತು.

ಆ ಬೆಳಿಗ್ಗೆ ಒಂದೊಂದೇ ಪೆಟ್ಟಿಗೆ ನೋಡಿ ಬಂದೆವು. ಕ್ಷೌರದಂಗಡಿ, ಹದಿನೇಳು. ಶಾಲೆ, ಅರುವತ್ತು. ಐಸಿನ ಪೆಟ್ಟಿಗೆ, ಮೂರು. ಸಿಟ್ಟಿನ ಪೆಟ್ಟಿಗೆ, ನೂರ ಎರಡು. ಪ್ರತಿ ಸಲವೂ ಬಾಗಿಲು ಹಾಕಿದೆ, ಸರಳು ತಿರುಗಿಸಿದೆ, ಹತ್ತು ಹೆಜ್ಜೆ ಸರಿದೆ. ಕೊನೆಗೆ ಉಳಿದದ್ದು ಬಾದಾಮಿ ಮರದ ಬುಡದ್ದು.

ಚಾದಕ್ಕ ಪೆಟ್ಟಿಗೆಯನ್ನು ಖಾಲಿ ಮಾಡಿ ಇಟ್ಟಿದ್ದಳು. ಚಾಪೆ, ಟ್ರಂಕು, ಲೋಟಗಳ ಬುಟ್ಟಿ, ಪಾತ್ರೆ ಎಲ್ಲ ಮರದ ಆಚೆ ಬದಿಗೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಒಲೆಯೂ ಹೊರಗೆ ಬಂದಿತ್ತು. ಪ್ರತಿ ವರ್ಷ ಒಲೆಯನ್ನು ಅಲ್ಲೇ ಬಿಡಲು ಬೆಳಕು ನೋಡುವ ಅಮ್ಮ ಒಪ್ಪುತ್ತಿದ್ದಳು. ಈ ಸಲ ಚಾದಕ್ಕ ತಾನೇ ಎತ್ತಿ ತಂದಿದ್ದಳು. ಮೇಲೆ ಕ್ರೇನಿನ ನಾಲ್ಕು ಕೊಕ್ಕೆ ತೂಗಾಡುತ್ತಿದ್ದವು, ಪೆಟ್ಟಿಗೆಯ ನಾಲ್ಕು ಮೂಲೆಗೆ ಸರಿಯಾಗಿ. ಕ್ರೇನಿನವ ಮೇಲೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದ. ಬೆಸುಗೆಯವ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಟು ನಿಂತಿದ್ದ.

ಬೆಳಕು ನೋಡುವ ಅಮ್ಮ ಒಳಗೆ ಹೋದಳು. ನಾನು ಬಾಗಿಲು ಹಾಕಿದೆ. ಸರಳು ತಿರುಗಿಸಿದೆ. ರಬ್ಬರು ಕಿರ್ ಅಂತು.

ಹತ್ತು ಹೆಜ್ಜೆ ಸರಿಯಬೇಕಿತ್ತು. ಹೇಗೆ ಸರಿಯಲಿ? ಹಿಂದೆ ಇಡೀ ಊರು ಒತ್ತಿ ನಿಂತಿತ್ತು. ಎಲ್ಲರೂ ಬಾಗಿಲಿಗೆ ಮುತ್ತಿಕೊಂಡಿದ್ದರು, ಮುಟ್ಟಿದರೆ ಪೆಟ್ಟಿಗೆ ನಿಲ್ಲುತ್ತದೋ ಎಂಬಂತೆ. ಸುಳ್ಳು ಯಾಕೆ ಹೇಳಲಿ, ಜಾಗ ಇದ್ದಿದ್ದರೂ ನಾನು ಸರಿಯುತ್ತಿರಲಿಲ್ಲ. ನನಗೆ ಆ ಟಕ್ ಕೇಳಬೇಕಿತ್ತು. ಬಲಗಡೆ ಬಾಗಿಲ ಅಂಚಿಗೆ ಕಿವಿ ಒತ್ತಿ, ಹೊಟ್ಟೆಯನ್ನು ಸರಳಿಗೆ ಆನಿಸಿ ನಿಂತೆ.

ಟಕ್. ಟಕ್. ಟಕ್.

ಹತ್ತು ಆಯಿತು. ಮೂವತ್ತು ಆಯಿತು. ಉಳಿದ ಪೆಟ್ಟಿಗೆಗಳಲ್ಲಿ ಅವಳು ಐದಾರು ಉಸಿರಿಗೇ ಎಣಿಸಲು ಶುರು ಮಾಡುವವಳು. ಐವತ್ತು ಆಯಿತು. ಹಿಂದೆ ಯಾರೋ ಅಳುತ್ತಿದ್ದರು. ಅರುವತ್ತು. ಟೀಚರಮ್ಮ ತನಗೆ ಗೊತ್ತಿದ್ದ ದೇವರ ಹೆಸರುಗಳನ್ನೆಲ್ಲ ಹೇಳಿ ಮುಗಿಸಿ ಮೊದಲಿನಿಂದ ಶುರು ಮಾಡಿದಳು. ಎಪ್ಪತ್ತು. ನನ್ನ ಕಿವಿ ಬಿಸಿಯಾಗಿತ್ತು.

ಎಂಬತ್ತು ಆಗುವಾಗ ಮರದ ಆಚೆ ಬದಿಯಿಂದ ಚಾದಕ್ಕನ ದನಿ ಬಂತು. ದಿನಾ ಕರೆಯುವ ಹಾಗೆಯೇ.

"ಚಾ ಆಯ್ತು. ಬನ್ನಿ."

ನಾವೆಲ್ಲ ಬಾಗಿಲಿಗೆ ಮುತ್ತಿಕೊಂಡಿದ್ದಾಗ ಅವಳು ಅಲ್ಲಿ ಒಲೆ ಹೊತ್ತಿಸಿ ಚಾ ಇಟ್ಟಿದ್ದಳು. ಕೊನೆಯ ಚಾ. ಎಲ್ಲರ ಲೋಟವನ್ನೂ ಸಾಲಾಗಿ ಇಟ್ಟು, ಎಲ್ಲದಕ್ಕೂ ಶುಂಠಿ ಜಜ್ಜಿ ಹಾಕಿದ್ದಳು. ಬೆಸುಗೆಯವನ ಲೋಟಕ್ಕೂ.

"ಕತ್ತಲೆ ಅಂತ ಕೇಳುವ ಮೊದಲು ಬಿಸಿಬಿಸಿ ಕುಡೀರಿ. ಆಮೇಲೆ ಯಾರಿಗೂ ಗಂಟಲಲ್ಲಿ ಇಳಿಯುದಿಲ್ಲ" ಅಂದಳು.

ಜನ ಒಬ್ಬೊಬ್ಬರಾಗಿ ಸರಿದರು. ಕರೆದದ್ದು ಅವಳು, ಹೋಗದಿರುವುದು ಹೇಗೆ? ಕ್ಷೌರದವ ಹೋದ, ಐಸಿನವ ಹೋದ, ಟೀಚರಮ್ಮ ದೇವರನ್ನು ಅರ್ಧಕ್ಕೆ ಬಿಟ್ಟು ಹೋದಳು. ಬೆಸುಗೆಯವ ಲೋಟ ಹಿಡಿದು ಒಂದು ಗುಟುಕು ಕುಡಿದು, ಅಲ್ಲೇ ನಿಂತು ಮಗುವಿನ ಹಾಗೆ ಅತ್ತ. ಬಾಗಿಲ ಹತ್ತಿರ ಉಳಿದವ ನಾನೊಬ್ಬನೇ. ತೊಂಬತ್ತು. ತೊಂಬತ್ತೊಂದು. ನಾನು ಕಿವಿ ತೆಗೆಯಲಿಲ್ಲ.

"ಅಂಕಿಯಣ್ಣ, ನಿಮ್ಮನ್ನು ಕರೀಲಿಕ್ಕೆ ಬೇರೆ ಕಾಗದ ಬರೀಬೇಕಾ? ತಣ್ಣಗಾಗ್ತದೆ" ಅಂತ ಚಾದಕ್ಕ ಕೂಗಿದಳು.

ಇಪ್ಪತ್ತೆರಡು ವರ್ಷ ಅವಳು ಕರೆದಾಗ ಹೋದ ಕಾಲು, ನನ್ನನ್ನು ಕೇಳದೆ ಹೊರಟಿತು. ಹೆಜ್ಜೆ ಎಣಿಸಿದೆ, ಅಭ್ಯಾಸ. ಒಂದು, ಎರಡು, ಮೂರು. ಹತ್ತನೆಯ ಹೆಜ್ಜೆಗೆ ಅವಳ ಕೈಯಿಂದ ಲೋಟ ತೆಗೆದುಕೊಂಡೆ. ಬಾಯಿಗೆ ಇಟ್ಟುಕೊಂಡೆ.

ಒಳಗೆ ಉಂಗುರದ ಸದ್ದು ನಿಂತಿತು.

ಆಮೇಲೆ ಬೆಳಕು ನೋಡುವ ಅಮ್ಮ ಒಳಗಿನಿಂದ, ಅವಳದ್ದೇ ಆ ಗಟ್ಟಿ ದನಿಯಲ್ಲಿ, "ಒಂದು" ಅಂದಳು.

ಯಾರಿಗೂ ಅರ್ಥವಾಗಲಿಲ್ಲ. ನೂರ ಒಂದೋ ಅಂತ ಕ್ಷೌರದವ ಕೇಳಿದ. ನಾನು ಚಾ ಚೆಲ್ಲಿಕೊಂಡು ಓಡಿ ಸರಳು ತಿರುಗಿಸಿ ಬಾಗಿಲು ತೆಗೆದೆ. ಅವಳು ಕಣ್ಣು ಕಿರಿದು ಮಾಡಿಕೊಂಡು ಹೊರಗೆ ಬಂದಳು. ಬಲಗಡೆ ಬಾಗಿಲ ಅಂಚಿನ ರಬ್ಬರ್ ಪಟ್ಟಿಗೆ ಬೆರಳಿಟ್ಟಳು. ಒಲೆ ಇದ್ದ ಕಡೆ, ಆಳೆತ್ತರದಲ್ಲಿ, ರಬ್ಬರು ಗಟ್ಟಿಯಾಗಿ ಬಿರಿದು, ಒಂದು ಕೂದಲೆಳೆಯಷ್ಟು ಸಂದಿ. ಇಪ್ಪತ್ತೆರಡು ವರ್ಷ ಕೆಟಲಿನ ಆವಿ ಹೋದ ದಾರಿ.

ಬೆಸುಗೆಯವ ಬಂದು ಬಗ್ಗಿ ನೋಡಿದ. ಮುಟ್ಟಿದ. "ರಬ್ಬರ್. ರಬ್ಬರ್ ನನಗೆ ಬರುದಿಲ್ಲ. ಉಕ್ಕು ಮಾತ್ರ ಬರುದು" ಅಂದ. ತನಗೆ ಬಾರದ ಕೆಲಸದ ಬಗ್ಗೆ ಅಷ್ಟು ಸಂತೋಷದಿಂದ ಮಾತಾಡಿದವರನ್ನೂ ನಾನು ಬೇರೆ ಕಂಡಿಲ್ಲ.

ಕ್ರೇನಿನವ ಮೇಲಿನಿಂದಲೇ ಕೇಳಿದ, "ಅಮ್ಮಾ, ಅದು ಉಪ್ಪು ಮಾಡಿದ್ದಲ್ಲವಲ್ಲ, ಆಗ್ತದಾ?"

"ಕೈ ಮಾಡಿದ್ದೂ ಅಲ್ಲ. ಆವಿ ತಾನಾಗಿ ಮಾಡಿದ್ದು. ತಾನಾಗಿ ಆದ ತೂತು ತೂತು. ನೀನು ಆ ಕೊಕ್ಕೆ ಮೇಲೆ ಎತ್ತು, ತಲೆಗೆ ಬಡೀತದೆ" ಅಂದಳು ಅವಳು.

"ಹೋದ ವರ್ಷ ಯಾಕೆ ಇದು ಲೆಕ್ಕಕ್ಕೆ ಬರ್ಲಿಲ್ಲ?" ಅಂತ ನಾನು ಕೇಳಿದೆ, ನನ್ನ ನಲವತ್ತೊಂದು ತಪ್ಪಾಯಿತಲ್ಲ ಅಂತ ನನಗೆ ಕಸಿವಿಸಿ.

"ಮಾಡಿನಲ್ಲಿ ನಲವತ್ತೊಂದು ಹೊಳೆಯುವಾಗ ಬಾಗಿಲ ಕಡೆ ಯಾರು ನೋಡ್ತಾರೆ? ಇವನು ಅಷ್ಟನ್ನೂ ಮುಚ್ಚಿದ್ದಕ್ಕೆ ಇದು ಕಂಡದ್ದು." ಅವಳು ಬೆಸುಗೆಯವನ ಕಡೆ ನೋಡಿ ತಲೆಯಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. ನನ್ನ ಬಲಗಿವಿಯನ್ನು ನೋಡಿದಳು. ಅದರ ಮೇಲೆ ಉದ್ದಕ್ಕೆ ಕಪ್ಪು ರಬ್ಬರಿನ ಗೆರೆ ಬಿದ್ದಿತ್ತು.

"ತೊಂಬತ್ತಮೂರು ಉಸಿರು" ಅಂದಳು ಅವಳು. "ತೊಂಬತ್ತಮೂರು ಉಸಿರು ಆ ಬೆಳಕಿಗೆ ಅಡ್ಡ ನಿಂತದ್ದು ಈ ಕಿವಿ."

ಇಡೀ ಊರು ನನ್ನ ಕಿವಿ ನೋಡಿತು. ನಾನು ಕೈಯಿಂದ ಮುಚ್ಚಿಕೊಂಡೆ. ಮೊದಲು ನಕ್ಕವಳು ಚಾದಕ್ಕ. ಅವಳು ಬಾದಾಮಿ ಮರ ಹಿಡಿದುಕೊಂಡು ನಕ್ಕಳು, ಸೆರಗಿನಿಂದ ಮುಖ ಮುಚ್ಚಿಕೊಂಡು ನಕ್ಕಳು. ಮತ್ತೆ ಎಲ್ಲರೂ ಶುರುವಾದರು. ಮೇಲೆ ಕ್ರೇನಿನವ ನಕ್ಕ ಸದ್ದಿಗೆ ಕೊಕ್ಕೆಗಳೂ ಅಲ್ಲಾಡಿದವು.

ಆ ಸಂಜೆಯೇ ಒಲೆ ಒಳಗೆ ಹೋಯಿತು. ಬಲಗಡೆ ಬಾಗಿಲ ಸಂದಿಯಿಂದ ಆವಿ ಬಂತು. ಹಳೆಯ ನಲವತ್ತೊಂದನ್ನು ಒರೆಸಿ ನಾನು ಒಂದನ್ನು ಬರೆದೆ. ಬರೆಯಲು ಅತಿ ಸುಲಭದ ಅಂಕಿ ಅಂತ ಜನ ಅಂದುಕೊಂಡಿದ್ದಾರೆ. ಅದರ ಹಾಗೆ ಕಷ್ಟದ್ದು ಬೇರೆ ಇಲ್ಲ, ಒರಗಲಿಕ್ಕೆ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಮೂರು ಸಲ ಬರೆದು ಮೂರು ಸಲ ಒರೆಸಿದೆ. ನಾಲ್ಕನೆಯದು ನಿಂತಿತು. ಬರೆದು ಮುಗಿಸಿ ಲೋಟಕ್ಕೆ ಕೈ ಚಾಚಿದೆ, ಕುಡಿದೆ. ಶುಂಠಿ ಇರಲಿಲ್ಲ. ಒಂದು ತಿಂಗಳು ಇರಲಿಲ್ಲ.

ಮರುವಾರ ಮದುವೆ ಆಯಿತು. ನಮ್ಮಲ್ಲಿ ಮದುವೆ ಅಂದರೆ ಇಷ್ಟೇ. ಹೆಣ್ಣು ಗಂಡು ಇಬ್ಬರನ್ನೂ ಅವರ ಪೆಟ್ಟಿಗೆಯ ಒಳಗೆ ನಿಲ್ಲಿಸಿ ಬಾಗಿಲು ಹಾಕುವುದು. ಅವರು ಒಳಗೆ ಬೆಳಕು ಎಣಿಸಿ, ಇಬ್ಬರೂ ಒಟ್ಟಿಗೆ ಲೆಕ್ಕ ಕೂಗಿ ಹೇಳುವುದು. ಲೆಕ್ಕ ಸರಿ ಬಂದರೆ ಮದುವೆ ಆದ ಹಾಗೆ. ಕೆಲವರಿಗೆ ಸರಿಬರಲು ಮಧ್ಯಾಹ್ನ ಆಗುತ್ತದೆ, ಹೊರಗೆ ಊಟ ಆರುತ್ತಾ ಇರುತ್ತದೆ.

ಚಾದಕ್ಕ ಹಳದಿ ಸೀರೆ ಉಟ್ಟು ಒಳಗೆ ಹೋದಳು. ಬೆಸುಗೆಯವ ಕೈಕಾಲಿನ ಮಸಿ ತೊಳೆದು, ತಲೆ ಬಾಚಿಕೊಂಡು ಹೋದ. ನಾನು ಬಾಗಿಲು ಹಾಕಿದೆ, ಸರಳು ತಿರುಗಿಸಿದೆ. ತಿರುಗಿ ನೋಡಿದರೆ ಜನ ಆಗಲೇ ಬಾದಾಮಿ ಮರದಿಂದ ಆಚೆ ಹೋಗಿ ನಿಂತಿದ್ದರು, ಬಾಗಿಲ ಮೇಲೆ ಬೆಳಗಿನ ಬಿಸಿಲು ಪೂರ್ತಿ ಬಿದ್ದಿತ್ತು.

ಎರಡೇ ಉಸಿರಿಗೆ ಒಳಗಿನಿಂದ ಎರಡು ದನಿ ಒಟ್ಟಿಗೆ ಬಂತು, "ಒಂದು!"

ಎಲ್ಲರೂ ದೂರ ನಿಂತು ಕೇಳಿದರು. ನಾನು ಎಲ್ಲರಿಗಿಂತ ದೂರ ನಿಂತಿದ್ದೆ.